ಬೇಲಿ ತಂತಿಗೆ ಹೋದ ಮಾವಿನ ಮರ

ಹೋದ ವರ್ಷ ಬದುವಿನ ಮೇಲಿದ್ದ ಒಂದು ಮಾವಿನ ಮರ ಒಣಗಿಹೋಯ್ತು. ತಪ್ಪು ನಂದೇ. ಬೇಲಿ ಹಾಕುವಾಗ ಒಂದು ಕಲ್ಲುಕಂಬ ಸಾಲದೆ ಬಂತು ಅಂತ ತಂತಿಯನ್ನ ಆ ಮರಕ್ಕೇ ಸುತ್ತಿ ಬಿಗಿದಿದ್ದೆ. ಮರ ದಪ್ಪ ಆದಂತೆ ತಂತಿ ತೊಗಟೆ ಒಳಗೆ ಇಳೀತು. ತಂತಿಯಿಂದ ಮೇಲೆ ಕಾಂಡ ಊದಿಕೊಂಡಿತ್ತು, ಕೆಳಗೆ ಸಣ್ಣಗೇ ಇತ್ತು. ಎಲೆ ಹಸಿರಾಗಿದೆಯಲ್ಲ ಅಂತ ಸುಮ್ಮನಿದ್ದೆ. ಆಮೇಲೆ ಬಾಡೋಕೆ ಶುರುವಾದಾಗ ಎಷ್ಟು ನೀರು ಬಿಟ್ಟರೂ ಉಳೀಲಿಲ್ಲ.

ಈ ಊತವನ್ನ ಸುಮಾರು 350 ವರ್ಷದ ಹಿಂದೆಯೇ ಒಬ್ಬರು ನೋಡಿದ್ದರು. ಇಟಲಿಯ ಬೊಲೋನ್ಯಾದ ವೈದ್ಯ ಮಾರ್ಚೆಲ್ಲೊ ಮಾಲ್ಪಿಗಿ. ಅವರು ಕಾಂಡದ ಸುತ್ತ ಉಂಗುರದ ಹಾಗೆ ತೊಗಟೆ ಕಿತ್ತು ಕಾದರು. ಗಾಯದ ಮೇಲ್ಭಾಗ ಊದಿತು. ಎಲೆಯಲ್ಲಿ ತಯಾರಾದ ಆಹಾರ ತೊಗಟೆ ಮೂಲಕ ಕೆಳಗೆ ಬರುತ್ತೆ, ದಾರಿ ಕಡಿದರೆ ಅಲ್ಲೇ ನಿಲ್ಲುತ್ತೆ ಅಂತ ಇದರಿಂದ ಗೊತ್ತಾಯ್ತು. 1670ರ ದಶಕದಲ್ಲಿ ಅವರ ಪುಸ್ತಕ ಬಂತು.

ನೀರಿನ ಲೆಕ್ಕ ಹಿಡಿದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. 1724ರಲ್ಲಿ ಕುಂಡದ ಸೂರ್ಯಕಾಂತಿ ಗಿಡವನ್ನ, ಮಣ್ಣಿನ ನೀರು ಆರದ ಹಾಗೆ ಬಾಯಿ ಮುಚ್ಚಿ, 15 ದಿನ ಬೆಳಿಗ್ಗೆ ಸಂಜೆ ತೂಕ ಮಾಡಿದರು. ಎದೆಮಟ್ಟದ ಆ ಒಂದು ಗಿಡ ಹಗಲು ಹೊತ್ತಲ್ಲಿ ಸರಾಸರಿ ಅರ್ಧ ಕೆ.ಜಿ.ಗೂ ಹೆಚ್ಚು ನೀರನ್ನ ಎಲೆಯಿಂದ ಆವಿ ಮಾಡಿ ಬಿಡ್ತಿತ್ತು. 1727ರಲ್ಲಿ ಇದನ್ನ ಪ್ರಕಟಿಸಿದರು.

ಅಷ್ಟು ಎತ್ತರಕ್ಕೆ ನೀರು ಏರೋದು ಹೇಗೆ? ಇದಕ್ಕೆ ಉತ್ತರ ಸಿಗೋಕೆ 1894 ಬರಬೇಕಾಯ್ತು. ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ ಹೇಳಿದ್ದು ಇಷ್ಟು: ಎಲೆಯಿಂದ ನೀರು ಆವಿಯಾಗಿ ಹೋದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಎಳೆ ಬೇರಿನಿಂದ ಮೇಲಕ್ಕೆ ಎಳೆದುಕೊಂಡು ಬರುತ್ತೆ. ಈ ದಾರಿ ಇರೋದು ತೊಗಟೆಯಲ್ಲಲ್ಲ, ಒಳಗಿನ ಮರದಲ್ಲಿ.

ಈಗ ನನ್ನ ಮರದ ಕಥೆ ಅರ್ಥ ಆಗುತ್ತೆ. ಮೇಲೆ ಹೋಗೋದು ನೀರು, ಕೆಳಗೆ ಬರೋದು ಊಟ. ನೀರಿನ ದಾರಿ ಸರಿಯಿತ್ತು, ಅದಕ್ಕೇ ಎಲೆ ಹಸಿರಾಗಿತ್ತು. ಊಟದ ದಾರಿ ತಂತಿಗೆ ಸಿಕ್ಕಿ ನಿಂತಿತ್ತು. ಬೇರು ತಾನು ಕೂಡಿಟ್ಟಿದ್ದನ್ನೇ ತಿಂದು, ಅದು ಮುಗಿದ ಮೇಲೆ ಸತ್ತಿತು. ಬೇರೇ ಇಲ್ಲದ ಮೇಲೆ ನಾನು ಬಿಟ್ಟ ನೀರನ್ನ ಕುಡಿಯೋರು ಯಾರು?

ಇನ್ನೂ ಎರಡು ಮರಕ್ಕೆ ತಂತಿ ಸುತ್ತಿದ್ದೆ. ಮೊನ್ನೆ ಕತ್ತರಿಸಿ ತೆಗೆದೆ. ನಿಮ್ಮ ಹೊಲದ ಬೇಲಿ, ಗಿಡಕ್ಕೆ ಆಸರೆ ಕೋಲು ಕಟ್ಟಿದ ಹಗ್ಗ, ಎಲ್ಲಾ ಒಂದ್ಸಲ ನೋಡಿ ಬನ್ನಿ. ಎಲೆ ಹಸಿರಿದೆ ಅಂತ ನಂಬಬೇಡಿ, ಕಾಂಡ ಮುಟ್ಟಿ ನೋಡಿ.