ಶಿರಾಜ್ ಕೆಂಪು ದ್ರಾಕ್ಷಾರಸ: ರೋನ್ ಕಣಿವೆಯಿಂದ ನಾಶಿಕ, ನಂದಿಬೆಟ್ಟದವರೆಗೆ

ಕಸಾರಾ ಘಾಟಿಯನ್ನೇರಿ ತ್ರ್ಯಂಬಕೇಶ್ವರ, ಶಿರಡಿಗಳ ಯಾತ್ರೆ ಕೈಗೊಳ್ಳುವ ಮುಂಬಯಿ ಕನ್ನಡಿಗರಾದ ನಮಗೆ ನಾಶಿಕದ ದ್ರಾಕ್ಷಿ ತೋಟಗಳು ಅಪರಿಚಿತವಲ್ಲ. ಆದರೆ ಅಲ್ಲಿನ ದ್ರಾಕ್ಷಿಯೆಲ್ಲವೂ ತಿನ್ನುವ ಹಣ್ಣಲ್ಲ. ಚಿಕ್ಕ ಗಾತ್ರದ, ದಪ್ಪ ಸಿಪ್ಪೆಯ, ಬೀಜವುಳ್ಳ ಕಪ್ಪು ತಳಿಯೊಂದನ್ನು ದ್ರಾಕ್ಷಾರಸಕ್ಕೆಂದೇ ಬೆಳೆಯುತ್ತಾರೆ. ಫ್ರಾನ್ಸಿನಲ್ಲಿ ಅದು ಸಿರಾ. ಆಸ್ಟ್ರೇಲಿಯಾ ಹಾಗೂ ಭಾರತದಲ್ಲಿ ಶಿರಾಜ್. ತುಮಕೂರು ಜಿಲ್ಲೆಯ ಶಿರಾ ಪಟ್ಟಣಕ್ಕೂ ಈ ಹೆಸರಿಗೂ ಸಂಬಂಧವಿಲ್ಲ.

ಪರ್ಷಿಯಾದ ಶಿರಾಜ್ ನಗರದಿಂದ ಈ ತಳಿ ಬಂದಿತೆಂಬ ಐತಿಹ್ಯ ಬಹುಕಾಲ ಪ್ರಚಲಿತವಾಗಿತ್ತು. 1998ರ ವಂಶವಾಹಿ ಪರೀಕ್ಷೆಯು ಅದನ್ನು ತಳ್ಳಿಹಾಕಿತು. ದ್ಯುರೇಜಾ ಮತ್ತು ಮೊಂದೂಸ್ ಬ್ಲಾಂಶ್ ಎಂಬ ಫ್ರಾನ್ಸಿನ ಎರಡು ತಳಿಗಳ ಸಂತಾನವಿದು. ರೋನ್ ನದಿ ಕಣಿವೆಯ ಹರ್ಮಿಟಾಜ್, ಕೋತ್ ರೋತಿ ಇಳಿಜಾರುಗಳು ಇದರ ಪ್ರಸಿದ್ಧ ನೆಲೆಗಳು. ಗಾಢ ವರ್ಣ, ಕರಿಮೆಣಸಿನ ಪರಿಮಳ ಇದರ ಗುರುತು.

ನಮ್ಮ ನಾಡಿನ ಬೆಳೆಗಾರಿಕೆಯ ಕ್ರಮವೇ ಬೇರೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ಆ ವಿಶ್ರಾಂತಿಯಿಲ್ಲ. ಆದುದರಿಂದ ಏಪ್ರಿಲ್ ಹೊತ್ತಿಗೆ ಒಮ್ಮೆ, ಮಳೆ ಇಳಿಮುಖವಾದ ಮೇಲೆ ಮತ್ತೊಮ್ಮೆ ಬಳ್ಳಿಯನ್ನು ಸವರುತ್ತಾರೆ. ಮರಾಠಿಯ ‘ಛಾಟಣಿ’ಯೇ ವಿಜಯಪುರದ ರೈತರ ಬಾಯಲ್ಲಿ ‘ಚಾಟ್ನಿ’. ಕೊಯ್ಲು ಸೆಪ್ಟೆಂಬರಿನಲ್ಲಲ್ಲ, ಫೆಬ್ರವರಿ-ಮಾರ್ಚ್ ವೇಳೆಗೆ. ಹಗಲ ಬಿಸಿಲು ಸಕ್ಕರೆಯನ್ನು ತುಂಬಿದರೆ, ಇರುಳಿನ ತಂಪು ಹುಳಿಯನ್ನು ಕಾಯುತ್ತದೆ.

ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಗ್ರೋವರ್ ಸಂಸ್ಥೆ ಆರಂಭವಾಯಿತು. ಅದರ ‘ಲಾ ರಿಸರ್ವ್’ ಕೆಬರ್ನೆ ಸೊವಿನ್ಯೊನ್ ಹಾಗೂ ಶಿರಾಜ್‌ಗಳ ಮಿಶ್ರಣ. ನಾಶಿಕದಲ್ಲಿ ರಾಜೀವ್ ಸಾಮಂತ್ ಸ್ಥಾಪಿಸಿದ ಸುಲಾ ಸಂಸ್ಥೆಯ ಮೊದಲ ದ್ರಾಕ್ಷಾರಸ 2000ದಲ್ಲಿ ಹೊರಬಂದಿತು. ಅದರ ‘ದಿಂಡೋರಿ ರಿಸರ್ವ್ ಶಿರಾಜ್’ ಅಲ್ಲಿನ ತಾಲೂಕಿನ ಹೆಸರನ್ನೇ ಹೊತ್ತಿದೆ. ಮಹಾರಾಷ್ಟ್ರವು 2001ರಲ್ಲಿ, ಕರ್ನಾಟಕವು 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿದವು.

ಆದರೆ ಈ ಬೆಳೆಯಲ್ಲಿ ರೈತನ ಪಾಲಿನ ಅಪಾಯ ದೊಡ್ಡದು. ತಿನ್ನುವ ದ್ರಾಕ್ಷಿಗೆ ಒಂದು ಪೇಟೆ ಕೈಕೊಟ್ಟರೆ ಮತ್ತೊಂದುಂಟು. ಒಣಗಿಸಿದರೆ ಒಣದ್ರಾಕ್ಷಿಯೂ ಆದೀತು. ಶಿರಾಜ್‌ಗೆ ದ್ರಾಕ್ಷಾರಸ ಘಟಕವೊಂದೇ ಗಿರಾಕಿ. 2008ರ ಆರ್ಥಿಕ ಹಿಂಜರಿತ ಹಾಗೂ ಅದೇ ವರ್ಷ ನವೆಂಬರಿನ ಮುಂಬಯಿ ದಾಳಿಯ ಬಳಿಕ ಹೋಟೆಲುಗಳಲ್ಲಿ ಬೇಡಿಕೆ ಕುಸಿದಾಗ, ಖರೀದಿ ನಿಂತು ನಾಶಿಕದ ಅನೇಕ ರೈತರು ಬಳ್ಳಿಗಳನ್ನೇ ಕಿತ್ತುಹಾಕಿದರು. ಬಳ್ಳಿ ಫಲ ಕೊಡಲು ಎರಡು-ಮೂರು ವರ್ಷ ಬೇಕು. ಕೀಳಲು ಒಂದು ದಿನ ಸಾಕು.

ಹೋಟೆಲ್ ಉದ್ಯಮದಲ್ಲಿರುವ ನಮ್ಮವರು ಗಮನಿಸಬೇಕಾದುದಿಷ್ಟು: ಮುಂಬಯಿಯ ಸೆಕೆಯಲ್ಲಿ ಶೀಸೆಯನ್ನು ಹೊರಗಿಟ್ಟರೆ ರಸ ಕೆಡುತ್ತದೆ. ತಂಪು, ಕತ್ತಲ ಸ್ಥಳದಲ್ಲಿ ಅಡ್ಡಲಾಗಿರಿಸಿ, 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸುವುದು ಯೋಗ್ಯ. ಹೆಸರು ದ್ರಾಕ್ಷಾರಸವಾದರೂ ಶೇ. 13-14ರ ಆಸುಪಾಸು ಮದ್ಯಸಾರವುಳ್ಳ ಪೇಯವಿದೆಂಬುದನ್ನು ಮರೆಯಲಾಗದು. ಕುಡಿಯುವುದೂ ಬಿಡುವುದೂ ಅವರವರ ಮನೆತನದ ರೂಢಿ. ನಾಶಿಕದ ದಾರಿಯಲ್ಲಿ ಆ ಬಳ್ಳಿಗಳನ್ನು ಕಂಡಾಗ ಅವುಗಳ ಹಿಂದಿನ ರೈತನ ಶ್ರಮವನ್ನು ನೆನೆಯುವುದಂತೂ ನಮ್ಮೆಲ್ಲರಿಗೂ ಸಲ್ಲುವ ಮಾತು.