ಹುರಿಗಾಳು ಹಾಕಿದ ಕೈ

ಚಿಂಪಾಂಜಿ ಎಂದರೆ ನಮ್ಮ ಸುಗಟೂರಿನವರಿಗೆ ಮೈಸೂರಿನ ಜೂ, ಅಷ್ಟೇ. ಅದನ್ನು ಪಂಜರದಲ್ಲಿಟ್ಟು ಔಷಧ ಪರೀಕ್ಷಿಸಿದವರಲ್ಲಿ ಅಮೆರಿಕದವರೇ ಮುಂದು. 1961ರ ಜನವರಿ 31ರಂದು ಹ್ಯಾಮ್ ಎಂಬ ಚಿಂಪಾಂಜಿಯನ್ನು ರಾಕೆಟ್ಟಿನಲ್ಲಿ ಕೂರಿಸಿ ಅಂತರಿಕ್ಷಕ್ಕೂ ಕಳಿಸಿದರು. ಆಮೇಲೆ ಹೆಪಟೈಟಿಸ್ ಬಿ ಲಸಿಕೆ ಮನುಷ್ಯರಿಗೆ ಬರುವ ಮೊದಲು ಚಿಂಪಾಂಜಿಗಳ ಮೈಗೆ ಹೋಯಿತು. ನಮ್ಮಲ್ಲಿ ಆ ಪಾಲು ಬಿದ್ದದ್ದು ಕೋತಿಗೆ. ಉತ್ತರದಲ್ಲಿ ಕೆಂಪು ಮುಖದ ರೀಸಸ್. ಇಲ್ಲಿ ನೆತ್ತಿಯ ಕೂದಲು ಟೋಪಿಯ ಹಾಗೆ ಹರಡಿರುವ ಬಾನೆಟ್ ಕೋತಿ. ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ನಿಮ್ಮ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವುದು ಇದೇ ಜಾತಿ.

ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದಾಗ ಆರ್‌ಎಚ್ ರಕ್ತದ ಪಾಠ ಮಾಡುತ್ತಿದ್ದೆ. ಆ ಎರಡು ಅಕ್ಷರ ಬಂದದ್ದು ರೀಸಸ್‌ನಿಂದ, 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಕಂಡುಕೊಂಡದ್ದು ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಪೋಲಿಯೊ ಲಸಿಕೆಗೆ ಕೋತಿಯ ಮೂತ್ರಪಿಂಡದ ಜೀವಕೋಶ ಬೇಕಾಗಿದ್ದ 1950ರ ದಶಕದಲ್ಲಿ ವರ್ಷಕ್ಕೆ ಲಕ್ಷ ದಾಟಿ ರೀಸಸ್‌ಗಳು ಭಾರತದಿಂದ ಹೊರಕ್ಕೆ ಹೋದದ್ದು ಪಠ್ಯದಲ್ಲಿ ಇರಲಿಲ್ಲ. 1955ರ ಆರಂಭದಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಸುಮಾರು ನಾನೂರು ಕೋತಿ ಉಸಿರುಕಟ್ಟಿ ಸತ್ತವು. ಭಾರತ ಸರ್ಕಾರ ರಫ್ತು ನಿಲ್ಲಿಸಿತು, ಸ್ವಲ್ಪ ಕಾಲದಲ್ಲೇ ಷರತ್ತು ಹಾಕಿ ಮತ್ತೆ ಬಿಟ್ಟಿತು. ಅಮೆರಿಕದ ಸೇನೆಯ ವಿಕಿರಣ ಪ್ರಯೋಗಕ್ಕೆ ನಮ್ಮ ಕೋತಿಗಳು ಬಳಕೆಯಾಗುತ್ತಿವೆ ಎಂಬುದು ಹೊರಬಿದ್ದ ಮೇಲೆ, ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗ, 1978ರ ಏಪ್ರಿಲ್‌ನಿಂದ ರಫ್ತು ಪೂರ್ತಿ ನಿಂತಿತು. ಸರಿಯಾದ ಕೆಲಸ. ಇಪ್ಪತ್ತು ವರ್ಷ ತಡ, ಅಷ್ಟೇ.

ಕರ್ನಾಟಕದ ಕಥೆ ಬೇರೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಬಾನೆಟ್ ಕೋತಿಗಳ ಮೇಲೆ ಗಂಡಸರ ಗರ್ಭನಿರೋಧಕ ಲಸಿಕೆಯ ಕೆಲಸ ಮಾಡಿದರು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಎರಡು ಹಾರ್ಮೋನು ಕಳಿಸುತ್ತದೆ. ಎಲ್‌ಎಚ್ ಪುರುಷತ್ವದ ಟೆಸ್ಟೋಸ್ಟಿರೋನ್ ಹುಟ್ಟಿಸುತ್ತದೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯಲು ನೆರವಾಗುತ್ತದೆ. ಎರಡನೆಯದನ್ನು ಮಾತ್ರ ತಡೆದರೆ? ಕುರಿಯ ಎಫ್‌ಎಸ್‌ಎಚ್ ಚುಚ್ಚಿದಾಗ ಕೋತಿಯ ಮೈ ಅದಕ್ಕೆ ಪ್ರತಿಕಾಯ ಬೆಳೆಸಿತು, ಅವು ಕೋತಿಯದೇ ಹಾರ್ಮೋನನ್ನೂ ಕಟ್ಟಿಹಾಕಿದವು. ವೀರ್ಯಾಣು ಇಳಿಯಿತು, ಟೆಸ್ಟೋಸ್ಟಿರೋನ್ ಇಳಿಯಲಿಲ್ಲ. ದೀರ್ಘಕಾಲದ ಫಲಿತಾಂಶ 1992ರಲ್ಲಿ ಅಚ್ಚಾಯಿತು. 1997ರಲ್ಲಿ ಐವರು ಸ್ವಯಂಸೇವಕ ಗಂಡಸರ ಮೇಲಿನ ಸಣ್ಣ ಪರೀಕ್ಷೆಯದೂ ಬಂತು. ಲಸಿಕೆ ಮಾತ್ರ ಅಂಗಡಿಗೆ ಬರಲಿಲ್ಲ. ನಮ್ಮ ಗಂಡಸರು ಸಾಲು ನಿಂತು ಚುಚ್ಚಿಸಿಕೊಳ್ಳುತ್ತಿದ್ದರೇ ಎಂಬುದು ಬೇರೆ ಮಾತು!

ಇಂಥ ಕೆಲಸಕ್ಕೆ ಒಂದೇ ಕೋತಿ ವರ್ಷಗಟ್ಟಲೆ ಬದುಕಿರಬೇಕು, ರಕ್ತ ಕೊಡುತ್ತಿರಬೇಕು. ಬದುಕಿಸುತ್ತಿದ್ದವರು ಯಾರು? ನಮ್ಮ ದೊಡ್ಡಪ್ಪ ಬೆಂಗಳೂರಿನ ಬೇರೊಂದು ಪ್ರಯೋಗಾಲಯದಲ್ಲಿ ಪಂಜರ ತೊಳೆಯುವ, ಮೇವು ಹಾಕುವ ಕೆಲಸದಲ್ಲಿದ್ದರು. ನೆನೆಸಿದ ಕಡಲೆ, ಹುರಿಗಾಳು, ಬ್ರೆಡ್ಡು, ಬಾಳೆಹಣ್ಣು. ಹೊಸದಾಗಿ ಹಿಡಿದು ತಂದದ್ದನ್ನು ಬೇರೆ ಕೋಣೆಯಲ್ಲಿಟ್ಟು, ರೆಪ್ಪೆಗೆ ಕ್ಷಯದ ಪರೀಕ್ಷೆಯ ಸೂಜಿ ಚುಚ್ಚಿ, ಊತ ಬಂತೇ ಎಂದು ನೋಡುವುದು. ಕೋತಿಗೆ ಕ್ಷಯ ಹೆಚ್ಚಾಗಿ ಅಂಟುವುದು ಮನುಷ್ಯರಿಂದ. ಹಾಗಾಗಿ ದೊಡ್ಡಪ್ಪ ಎರಡು ದಿನ ಕೆಮ್ಮಿದರೂ ಪಂಜರದ ಕೋಣೆಗೆ ಬಿಡುತ್ತಿರಲಿಲ್ಲವಂತೆ. ಪಂಜರದ ಹಿಂಬದಿಯ ತಡಿಕೆಯನ್ನು ಮುಂದಕ್ಕೆ ಎಳೆದರೆ ಪ್ರಾಣಿ ಸರಳಿಗೆ ಒತ್ತಿಕೊಳ್ಳುತ್ತದೆ, ಆಗ ಚುಚ್ಚುವುದು. ಅವರು ಎಳೆಯುವುದೇ ಬೇಡವಾಗಿತ್ತು. ಹುರಿಗಾಳು ತೋರಿಸಿದರೆ ಕೆಲವು ತಾವೇ ತೊಡೆ ಒಡ್ಡುತ್ತಿದ್ದವಂತೆ.

‘ಕೋತಿ ಹಲ್ಲು ಬಿಟ್ರೆ ನಗ್ತಾ ಐತೆ ಅಂದ್ಕೊಬೇಡ ಕಣಪ್ಪಾ, ಹೆದರ್ಕೊಂಡೈತೆ’ ಎಂದು ನನಗೆ ಹೇಳಿಕೊಟ್ಟವರು ಅವರು. ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಊರಲ್ಲಿ ದೊಡ್ಡಪ್ಪ ಈ ಕೆಲಸದ ಮಾತೇ ಎತ್ತುತ್ತಿರಲಿಲ್ಲ. ಸತ್ತ ಕೋತಿಗೆ ಹಾರ ಹಾಕಿ, ತಮಟೆ ಬಡಿದು ಮಣ್ಣು ಮಾಡುವ ಊರು. ಶನಿವಾರ ದೊಡ್ಡಮ್ಮ ಆಂಜನೇಯನ ಗುಡಿಗೆ ಹೋಗುವಾಗ ಇವರು ಮನೆಯಲ್ಲೇ ಉಳಿಯುತ್ತಿದ್ದರು. ಅದೇ ಊರು ಈಗ ಟೊಮೆಟೊ ತೋಟಕ್ಕೆ ನುಗ್ಗುವ ಕೋತಿಯ ಮೇಲೆ ಪಟಾಕಿ ಹಚ್ಚುತ್ತದೆ, ಹಿಡಿಯುವವರನ್ನು ಕರೆಸಿ ಎಂದು ಪಂಚಾಯಿತಿಗೆ ಅರ್ಜಿ ಕೊಡುತ್ತದೆ. ಹಾಗಿರುವಾಗ ದೊಡ್ಡಪ್ಪನನ್ನು ಪಾಪಿ ಎನ್ನಲು ನನಗೆ ನಾಲಗೆ ಬರುವುದಿಲ್ಲ.

ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಗತಿ ಏನು? ಅಮೆರಿಕ 2000ದಲ್ಲಿ ಅಂಥ ಚಿಂಪಾಂಜಿಗಳ ವಿಶ್ರಾಂತಿಧಾಮಕ್ಕೆಂದೇ ಕಾನೂನು ಮಾಡಿತು. ಲೂಸಿಯಾನದ ಚಿಂಪ್ ಹೇವನ್ ಅಂಥದ್ದು. 2015ರ ನವೆಂಬರಿನಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಚಿಂಪಾಂಜಿ ಪ್ರಯೋಗವನ್ನೇ ಮುಗಿಸಿತು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ 1998ರಲ್ಲಿ ಪ್ರಯೋಗದ ನಿಯಮಗಳು ಬಂದವು. ಬಳಸಿದ ಪ್ರಾಣಿಯ ಪುನರ್ವಸತಿ ಬಳಸಿದವರದೇ ಹೊಣೆ ಎಂಬುದೂ ಆಮೇಲೆ ಸೇರಿತು.

ಪ್ರಬಂಧಗಳಲ್ಲಿ ವಿಜ್ಞಾನಿಗಳ ಹೆಸರಿದೆ, ಕೋತಿಗಳ ಸಂಖ್ಯೆಯಿದೆ. ಹುರಿಗಾಳು ಹಾಕಿದವರದು ಏನೂ ಇಲ್ಲ. ಅಂಥ ಕೆಲಸ ಮಾಡಿ ನಿವೃತ್ತರಾದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಪಾಪ–ಪುಣ್ಯದ ಮಾತು ಎತ್ತದೆ ಕೂರಿಸಿ ಕೇಳಿ, ಬರೆದಿಡಿ.