ರಕ್ಷಣೆಯ ನಿಶ್ಚಯ: ಒಂದು ಹಳೆಯ ಅಳುಕಿನ ಜಾಡು ಹಿಡಿದು

"ಇವತ್ತು ರಾತ್ರಿಯೇ ಪ್ರಾಣ ಹೋದರೆ ದೇವರ ಬಳಿಗೆ ಸೇರುತ್ತೀರೆಂಬ ನಿಶ್ಚಯ ಇದೆಯೇ?" ಉಜ್ಜೀವನ ಕೂಟಗಳಲ್ಲಿ, ಮನೆಪ್ರಾರ್ಥನೆಗಳಲ್ಲಿ ಈ ಪ್ರಶ್ನೆ ಕೇಳುತ್ತಲೇ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಇದೆ ಎಂದು ಕೈ ಎತ್ತಿದವರಿಗೂ ದೀಪ ಆರಿಸಿ ಮಲಗಿದ ಮೇಲೆ ಅಳುಕು ಬರುವುದುಂಟು. ಅದನ್ನು ಅಪನಂಬಿಕೆ ಎಂದು ಗದರುವವರು ಸಭೆಯ ಚರಿತ್ರೆಯನ್ನು ಒಮ್ಮೆ ನೋಡಬೇಕು.

ನಂಬಿದವರು ತಮಗೆ ನಿತ್ಯಜೀವ ಉಂಟೆಂದು ತಿಳಿದುಕೊಳ್ಳಲಿ ಎಂದೇ ಬರೆಯುತ್ತಿದ್ದೇನೆ ಎನ್ನುತ್ತಾನೆ ಯೋಹಾನನು, ತನ್ನ ಮೊದಲ ಪತ್ರದ ಕೊನೆಗೆ. ಆದರೆ ಮುಂದಿನ ಶತಮಾನಗಳು ಹಿಂಜರಿದವು. ಕೊನೆಯವರೆಗೆ ನಿಲ್ಲುವುದು ದೇವರ ವರ, ಅದು ಯಾರಿಗೆ ದೊರೆತಿದೆಯೆಂದು ಉಸಿರಿರುವ ತನಕ ಹೇಳಲಾಗದು ಎಂದರು ಅಗಸ್ಟೀನರು. ಆರನೆಯ ಶತಮಾನದ ಕೊನೆಯಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಅರಮನೆಯಲ್ಲಿದ್ದ ಗ್ರೆಗೋರಿಯಾ ಎಂಬಾಕೆ ಪೋಪ್ ಮಹಾ ಗ್ರೆಗೊರಿಯವರಿಗೆ ಪತ್ರ ಬರೆದಳು. ನನ್ನ ಪಾಪಗಳು ಕ್ಷಮೆಯಾಗಿವೆಯೆಂದು ನಿಮಗೆ ಪ್ರಕಟವಾಗಿದೆ ಎಂದು ನೀವು ಬರೆಯುವ ತನಕ ಬಿಡುವುದಿಲ್ಲ ಎಂಬ ಹಟ ಅವಳದು. ನೀನು ಕೇಳಿದ್ದು ಕಷ್ಟದ್ದು, ಅದರಿಂದ ನಿನಗೆ ಪ್ರಯೋಜನವೂ ಇಲ್ಲ ಎಂದು ಅವರು ಉತ್ತರಿಸಿದರು. ಕೊನೆಯ ದಿನದವರೆಗೂ ಭಯದಿಂದಿದ್ದು ಕಣ್ಣೀರಿನಲ್ಲಿ ಪಾಪ ತೊಳೆದುಕೋ ಎಂದರು. ಆ ಉತ್ತರ ಓದಿದಾಗಲೆಲ್ಲ ನನ್ನ ಮನಸ್ಸು ಗ್ರೆಗೋರಿಯಾಳ ಕಡೆಗೇ ಹೋಗುತ್ತದೆ.

ಸುಮಾರು ಸಾವಿರ ವರ್ಷದ ನಂತರ ಎರ್ಫರ್ಟಿನ ಮಠದಲ್ಲಿ ಮಾರ್ಟಿನ್ ಲೂಥರ್ ಅದೇ ಸಂಕಟಕ್ಕೆ ಸಿಕ್ಕಿದರು. ಎಷ್ಟು ಪಾಪನಿವೇದನೆ ಮಾಡಿದರೂ ಏನೋ ಉಳಿದುಹೋಯಿತೆಂಬ ಕೊರಗು. ಬಿಡುಗಡೆ ಸಿಕ್ಕದ್ದು ಪಶ್ಚಾತ್ತಾಪವನ್ನು ತೂಗುವುದು ಬಿಟ್ಟು ದೇವರ ವಾಗ್ದಾನವನ್ನು ಹಿಡಿದಾಗ. ಮನಸ್ಸಾಕ್ಷಿ ಚುಚ್ಚಿದಾಗ 'ನನಗೆ ದೀಕ್ಷಾಸ್ನಾನವಾಗಿದೆ' ಎಂದು ಹೇಳಿಕೊಳ್ಳಿರೆಂದು 1529ರ ದೊಡ್ಡ ಪ್ರಶ್ನೋತ್ತರ ಗ್ರಂಥದಲ್ಲಿ ಕಲಿಸಿದರು. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಇಂಥ ಭರವಸೆಯನ್ನು ಪೊಳ್ಳೆಂದು ತಳ್ಳಿಹಾಕಿತು. ದೇವರ ಕರುಣೆಯನ್ನಲ್ಲ, ತನ್ನ ದೌರ್ಬಲ್ಯವನ್ನು ನೋಡಿದರೆ ಯಾರೇ ಆಗಲಿ ಹೆದರಬಹುದು ಎಂಬ ಅದರ ಮಾತನ್ನು ಹಗುರವಾಗಿ ಕಾಣುವಂತಿಲ್ಲ.

ಕ್ರಿಸ್ತನೇ ಕನ್ನಡಿ, ದೇವರು ನಿನ್ನನ್ನು ಆರಿಸಿದ್ದಾನೆಂಬುದನ್ನು ಅವನಲ್ಲಿ ನೋಡಿಕೋ ಎಂದರು ಕಾಲ್ವಿನ್. ಅವರ ಹಾದಿಯಲ್ಲೇ ಬಂದ ಇಂಗ್ಲೆಂಡಿನ ಪ್ಯೂರಿಟನ್ನರು ಮೆಲ್ಲಗೆ ಒಳಗೆ ತಿರುಗಿದರು. ದಿನಚರಿ ಇಟ್ಟರು, ಬದುಕಿನಲ್ಲಿ ಕೃಪೆಯ ಗುರುತು ಹುಡುಕಿದರು. 1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ, ನಿಜವಾದ ವಿಶ್ವಾಸಿಯೂ ಈ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾದೀತು ಎಂದು ಒಪ್ಪಿಕೊಂಡಿತು. ಎಷ್ಟೋ ನೊಂದ ಜೀವಗಳಿಗೆ ಆ ಒಂದು ಮಾತು ಆಸರೆಯಾಗಿದೆ.

ಇನ್ನು ಜಾನ್ ವೆಸ್ಲಿ. 1736ರ ಜನವರಿಯಲ್ಲಿ ಅವರು ಅಮೆರಿಕದ ಕಡೆ ಸಾಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ, ದೊಡ್ಡ ಹಾಯಿ ಹರಿದು ನೀರು ಒಳಗೆ ನುಗ್ಗಿತು. ಇಂಗ್ಲಿಷರು ಚೀರಾಡಿದರು, ಮೊರೇವಿಯದ ವಿಶ್ವಾಸಿಗಳು ಕೀರ್ತನೆ ಹಾಡುತ್ತಲೇ ಇದ್ದರು. ದಡ ಸೇರಿದ ಮೇಲೆ ಆ ಮೊರೇವಿಯದವರ ಹಿರಿಯರಾದ ಸ್ಪಾಂಗೆನ್‌ಬರ್ಗ್, ಕ್ರಿಸ್ತನು ನಿನ್ನನ್ನು ರಕ್ಷಿಸಿದ್ದಾನೆಂದು ಬಲ್ಲೆಯಾ ಎಂದು ಕೇಳಿದರು. ಸುವಾರ್ತೆ ಸಾರಲು ಹೊರಟಿದ್ದ ವೆಸ್ಲಿ ತಡವರಿಸಿದರು. ಎರಡು ವರ್ಷ ಕಳೆದು 1738ರ ಮೇ 24ರ ರಾತ್ರಿ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಲೂಥರರ ಬರಹ ಓದುವುದನ್ನು ಕೇಳುತ್ತ ಅವರ ಹೃದಯ ಬೆಚ್ಚಗಾಯಿತು. ಪವಿತ್ರಾತ್ಮನ ಸಾಕ್ಷಿ ಮೆಥಡಿಸ್ಟ್ ಬೋಧನೆಯ ಜೀವಾಳವಾಯಿತು. ಆದರೆ ಅದೇ ವೆಸ್ಲಿ 1768ರ ಒಂದು ಪತ್ರದಲ್ಲಿ, ಅಂಥ ಅನುಭವವಿಲ್ಲದೆಯೂ ರಕ್ಷಿಸುವ ನಂಬಿಕೆ ಇರಬಲ್ಲದೆಂದು ಬರೆದರು. ಅವರ ಹೃದಯ ಬೆಚ್ಚಗಾದ ಕಥೆ ಹೇಳುವವರು ಈ ಪತ್ರವನ್ನು ಮರೆಯುವುದು ಅನ್ಯಾಯ.

ಕನ್ನಡ ನಾಡಿಗೆ ಈ ಬೋಧನೆ ಬಂದದ್ದು ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನಿಂದ, ಮತ್ತು 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಷನ್ನಿನಿಂದ. ಎರಡೂ ಹೃದಯದ ಅನುಭವಕ್ಕೆ ಒತ್ತು ಕೊಟ್ಟವು. ನಮ್ಮ ಸಾಕ್ಷಿಕೂಟಗಳ ಬಿಸಿಯೂ, ನಮ್ಮ ರಾತ್ರಿಯ ಅಳುಕೂ ಬಹುಮಟ್ಟಿಗೆ ಅಲ್ಲಿಂದಲೇ ಬಂದವು.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಒಂದೇ ಘೋಷಣೆಗೆ ಸಹಿ ಹಾಕಿದರು. ತಮ್ಮ ದೌರ್ಬಲ್ಯದ ನಡುವೆಯೂ ವಿಶ್ವಾಸಿಗಳು ದೇವರ ವಾಗ್ದಾನದ ಮೇಲೆ ಭಾರ ಹಾಕಬಹುದೆಂದು ಅದರಲ್ಲಿ ಜೊತೆಯಾಗಿ ಹೇಳಿದರು. ನನ್ನ ನಂಬಿಕೆಯೂ ಇದೇ: ನಿಶ್ಚಯದ ಬೇರು ನಮ್ಮ ಎದೆಯಲ್ಲಿಲ್ಲ, ಕೊಟ್ಟ ಮಾತಿನಲ್ಲಿದೆ. ಆದ್ದರಿಂದ ಸಭಾಪಾಲಕರಲ್ಲಿ ಒಂದು ವಿನಂತಿ. ಕಾಯಿಲೆಯವರ ಮಂಚದ ಪಕ್ಕ ಕುಳಿತಾಗ 'ನಿಶ್ಚಯ ಇದೆಯೇ' ಎಂದು ಕೇಳುವ ಮೊದಲು, ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ನಿಧಾನವಾಗಿ, ಪೂರ್ತಿಯಾಗಿ ಓದಿ ಕೇಳಿಸಿರಿ.